ರೂಮ್ ಹೇಳುವ ಲೆಕ್ಕ, ಏರಿಯಾ ಹೇಳುವ ಲೆಕ್ಕ: ರೆವಿಟ್‌ನಲ್ಲಿ ವಿಸ್ತೀರ್ಣ ತಾಳೆಯಾಗದಿದ್ದಾಗ

ರೂಮ್ ಶೆಡ್ಯೂಲಿನ (ರೂಮುಗಳ ವಿಸ್ತೀರ್ಣದ ಪಟ್ಟಿಯ) ಮೊತ್ತ ಒಂದು, ಏರಿಯಾ ಶೆಡ್ಯೂಲಿನ ಮೊತ್ತ ಇನ್ನೊಂದು. ನಾಳೆ ಬೆಳಿಗ್ಗೆ ನಕ್ಷೆ ಕೊಡಬೇಕು. ಕಟ್ಟಡದ ಮಾಡೆಲ್ ಮಾಡುವ ಸಾಫ್ಟ್‌ವೇರ್ ರೆವಿಟ್‌ನಲ್ಲಿ ಕೆಲಸ ಮಾಡುವವರಿಗೆ ಇಂಥ ರಾತ್ರಿ ಒಮ್ಮೆಯಾದರೂ ಬಂದಿರುತ್ತದೆ. ನನಗೆ ಬಂದಾಗ ಎರಡು ದಿನ ಗೋಡೆಗಳನ್ನು ಒಂದೊಂದಾಗಿ ತಡಕಾಡಿದೆ. ಬೌಂಡರಿ ಗೆರೆಗಳನ್ನು ಅಳಿಸಿ ಮತ್ತೆ ಎಳೆದೆ. ಕೊನೆಗೆ ಗೊತ್ತಾದದ್ದು, ಎರಡೂ ಲೆಕ್ಕ ಮೊದಲಿನಿಂದಲೇ ಸರಿ ಇದ್ದವು. ನಾನು ಕೇಳಿದ್ದ ಪ್ರಶ್ನೆಗಳೇ ಬೇರೆ ಬೇರೆ.

ರೂಮ್ ತನ್ನ ಗಡಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಸುತ್ತಲಿನ ಗೋಡೆ, ಕಂಬ, ಮೇಲಿನ ಚಾವಣಿ, ಕೆಳಗಿನ ನೆಲ, ಇವುಗಳಲ್ಲಿ ಯಾವುದು ತಡೆಯುತ್ತದೋ ಅಲ್ಲಿಗೆ ನಿಲ್ಲುತ್ತದೆ. ಏರಿಯಾಗೆ ಗೋಡೆ ಕಾಣುವುದೇ ಇಲ್ಲ. ಏರಿಯಾ ಪ್ಲ್ಯಾನ್‌ನಲ್ಲಿ ನೀವು ಹಾಕಿದ ಏರಿಯಾ ಬೌಂಡರಿ ಗೆರೆ ಎಲ್ಲಿದೆಯೋ ಅದೇ ಅದರ ಗಡಿ. ರೂಮ್ ಹೇಳುವುದು ಇಲ್ಲಿ ಏನು ಕಟ್ಟಿದೆ ಎಂದು. ಏರಿಯಾ ಹೇಳುವುದು ಒಂದು ಅಳತೆ ನಿಯಮಕ್ಕೆ ಎಷ್ಟು ಬರುತ್ತದೆ ಎಂದು. ನಾನು ಕಂಡ "ದೋಷ"ಗಳಲ್ಲಿ ಹೆಚ್ಚಿನವು ಒಂದಕ್ಕೆ ಕೇಳಬೇಕಾದ ಪ್ರಶ್ನೆಯನ್ನು ಇನ್ನೊಂದಕ್ಕೆ ಕೇಳಿದ್ದರಿಂದ ಹುಟ್ಟಿದವು. ಉಳಿದವು ನಿಜವಾದ ದೋಷಗಳು. ಎರಡನ್ನೂ ಬೇರ್ಪಡಿಸಿಕೊಳ್ಳುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಪರದೆಯ ಮೇಲೆ ಕಾಣುತ್ತಿರುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರ ಹೋಗಬಹುದು. ಪ್ರತಿ ಭಾಗದಲ್ಲೂ ಸುಲಭದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ.

ಕೈ ಹಾಕುವ ಮುಂಚೆ

ಫೈಲಿನ ಒಂದು ಪ್ರತಿ ಇಟ್ಟುಕೊಳ್ಳಿ. ಹಲವರು ಒಟ್ಟಿಗೆ ಕೆಲಸ ಮಾಡುವ ಸೆಂಟ್ರಲ್ ಮಾಡೆಲ್ ಆಗಿದ್ದರೆ, ಡಿಟ್ಯಾಚ್ ಮಾಡಿದ, ಅಂದರೆ ಮೂಲದಿಂದ ಬಿಡಿಸಿದ, ಪ್ರತಿಯಲ್ಲಿ ಪ್ರಯೋಗ ಮಾಡಿ, ಫಲಿತಾಂಶ ಖಚಿತವಾದ ಮೇಲೆ ಮೂಲದಲ್ಲಿ ತಿದ್ದಿ. ಈಗ ತೋರಿಸುತ್ತಿರುವ ಅಂಕಿಗಳನ್ನು, ತಪ್ಪಾಗಿದ್ದರೂ ಸರಿ, ಒಂದು ಕಡೆ ಬರೆದಿಡಿ. ಏನೋ ಬದಲಾಯಿಸಿದ ಮೇಲೆ "ಮೊದಲು ಎಷ್ಟಿತ್ತು" ಎಂಬುದು ನೆನಪಾಗದೆ ಒದ್ದಾಡಿದವರನ್ನು ತುಂಬ ನೋಡಿದ್ದೇನೆ.

ಇನ್ನೊಂದು ಮಾತು. ಶೆಡ್ಯೂಲಿನಿಂದ ಸಾಲು ಅಳಿಸುವುದನ್ನು ಪರೀಕ್ಷೆ ಎಂದು ಮಾಡಬೇಡಿ. ಹಾಗೆ ಅಳಿಸಿದರೆ ಆ ರೂಮಿನ ಜೊತೆಗೆ ಅದರ ಹೆಸರು, ಸಂಖ್ಯೆ, ಫಿನಿಶ್ ಮಾಹಿತಿ, ಟ್ಯಾಗ್ ಎಲ್ಲವೂ ಹೋಗುತ್ತವೆ.

ಲಕ್ಷಣ: ಎರಡು ಮೊತ್ತಗಳು ತಾಳೆಯಾಗುತ್ತಿಲ್ಲ

ವ್ಯತ್ಯಾಸ ಎಷ್ಟು ದೊಡ್ಡದು ಎಂಬುದನ್ನು ಮೊದಲು ನೋಡಿ. ಅದೇ ಅರ್ಧ ಕಥೆ ಹೇಳುತ್ತದೆ.

ವ್ಯತ್ಯಾಸ ಎರಡನೆಯ ದಶಮಾಂಶದಲ್ಲಿದ್ದರೆ ಅದು ಸುತ್ತು ಅಂಕಿಯ ಕೆಲಸ. ಶೆಡ್ಯೂಲ್ ಪ್ರತಿ ಸಾಲಿನಲ್ಲಿ ಸುತ್ತಿದ ಅಂಕಿ ತೋರಿಸುತ್ತದೆ, ಆದರೆ ಮೊತ್ತವನ್ನು ಸುತ್ತದ ಮೂಲ ಅಂಕಿಗಳಿಂದ ಕೂಡುತ್ತದೆ. 10.344 ಚ.ಮೀ.ನ ಮೂರು ರೂಮುಗಳಿದ್ದರೆ ಮೂರೂ ಸಾಲಿನಲ್ಲಿ 10.34 ಎಂದು ಕಾಣುತ್ತದೆ. ಕ್ಯಾಲ್ಕುಲೇಟರಿನಲ್ಲಿ ಕೂಡಿದರೆ 31.02. ರೆವಿಟ್ ತೋರಿಸುವುದು 31.03. ಇಲ್ಲಿ ತಿದ್ದುವಂಥದ್ದೇನೂ ಇಲ್ಲ. ಕೇಳುವವರಿಗೆ ಹೇಳಲು ಒಂದು ಟಿಪ್ಪಣಿ ಸಾಕು.

ವ್ಯತ್ಯಾಸ ಒಂದು ಇಡೀ ಕೋಣೆಯಷ್ಟಿದ್ದರೆ ಲೆಕ್ಕದ ವಿಧಾನವನ್ನು ಅನುಮಾನಿಸಬೇಡಿ. ಎಲ್ಲೋ ಒಂದು ರೂಮ್ ಲೆಕ್ಕದಿಂದ ಹೊರಗಿದೆ. ರೂಮ್ ಶೆಡ್ಯೂಲನ್ನು ವಿಸ್ತೀರ್ಣದ ಪ್ರಕಾರ ಜೋಡಿಸಿ, ಅಂಕಿ ಇರಬೇಕಾದ ಕಡೆ 'ನಾಟ್ ಪ್ಲೇಸ್ಡ್', 'ನಾಟ್ ಎನ್‌ಕ್ಲೋಸ್ಡ್', 'ರಿಡಂಡೆಂಟ್ ರೂಮ್' ಎಂಬ ಮಾತುಗಳಿವೆಯೇ ನೋಡಿ. ಇವುಗಳಿಗೆ ವಿಸ್ತೀರ್ಣವಿಲ್ಲ, ಹಾಗಾಗಿ ಮೊತ್ತಕ್ಕೂ ಸೇರುವುದಿಲ್ಲ. ಸಿಕ್ಕರೆ ಕೆಳಗಿನ ಭಾಗಗಳಿಗೆ ಹೋಗಿ.

ವ್ಯತ್ಯಾಸ ಇವೆರಡರ ನಡುವೆ, ಶೇಕಡಾ ಐದೋ ಹದಿನೈದೋ ಇದ್ದು, ಪ್ರತಿ ಮಹಡಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿದ್ದರೆ, ಉತ್ತರ ಗೋಡೆಯ ದಪ್ಪದಲ್ಲಿದೆ. ನನ್ನ ಎರಡು ದಿನ ಹೋದದ್ದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಖಾಲಿ ಪ್ರಾಜೆಕ್ಟಿನಲ್ಲಿ ಒಂದೇ ಒಂದು ಕೋಣೆ ಕಟ್ಟಿ. ಒಳಗಿನಿಂದ ಒಳಕ್ಕೆ 4 ಮೀಟರ್ ಉದ್ದ, 3 ಮೀಟರ್ ಅಗಲ. ಗೋಡೆಯ ಕೋರ್, ಅಂದರೆ ಗಾರೆ ಬಿಟ್ಟ ಒಳತಿರುಳು, 200 ಮಿ.ಮೀ., ಎರಡೂ ಮುಖಕ್ಕೆ 12 ಮಿ.ಮೀ. ಗಾರೆ. ಗೋಡೆಯ ಒಟ್ಟು ದಪ್ಪ 224 ಮಿ.ಮೀ. ಈಗ 'ಆರ್ಕಿಟೆಕ್ಚರ್' ಟ್ಯಾಬಿನ 'ರೂಮ್ ಆಂಡ್ ಏರಿಯಾ' ಪ್ಯಾನೆಲಿನ ಹೆಸರಿನ ಪಕ್ಕದ ಬಾಣ ಒತ್ತಿ, 'ಏರಿಯಾ ಆಂಡ್ ವಾಲ್ಯೂಮ್ ಕಂಪ್ಯುಟೇಷನ್ಸ್' ತೆರೆಯಿರಿ. ಅಲ್ಲಿ ರೂಮಿನ ವಿಸ್ತೀರ್ಣ ಗೋಡೆಯ ಎಲ್ಲಿಯವರೆಗೆ ಎಂಬುದಕ್ಕೆ ನಾಲ್ಕು ಆಯ್ಕೆಗಳಿವೆ. ಒಂದೊಂದನ್ನೇ ಆರಿಸಿ ಇದೇ ಕೋಣೆಯನ್ನು ಅಳೆಯಿರಿ:

ವಾಲ್ ಫಿನಿಶ್, ಅಂದರೆ ಗಾರೆಯ ಮುಖದವರೆಗೆ: 12.00 ಚ.ಮೀ.
ವಾಲ್ ಕೋರ್ ಲೇಯರ್, ಗಾರೆ ಬಿಟ್ಟು ಕೋರ್‌ನ ಮುಖದವರೆಗೆ: 12.17 ಚ.ಮೀ.
ವಾಲ್ ಸೆಂಟರ್, ಗೋಡೆಯ ನಡುಗೆರೆಯವರೆಗೆ: 13.62 ಚ.ಮೀ.
ವಾಲ್ ಕೋರ್ ಸೆಂಟರ್: ಎರಡೂ ಕಡೆ ಗಾರೆ ಒಂದೇ ದಪ್ಪ ಇರುವುದರಿಂದ ಇಲ್ಲೂ 13.62 ಚ.ಮೀ.

ಇದೇ ಕೋಣೆಯ ಸುತ್ತ ಗೋಡೆಯ ಹೊರಮುಖಕ್ಕೆ ಏರಿಯಾ ಬೌಂಡರಿ ಹಾಕಿದರೆ 15.34 ಚ.ಮೀ. ಬರುತ್ತದೆ. ಕೋಣೆ ಒಂದೇ, ಗೋಡೆ ಒಂದೇ, ಯಾರೂ ತಪ್ಪು ಮಾಡಿಲ್ಲ, ಆದರೂ 12ರಿಂದ 15.34ರವರೆಗೆ ನಾಲ್ಕು ಬೇರೆ ಅಂಕಿಗಳು. ಕೋಣೆ ಸಣ್ಣದಾದಷ್ಟೂ ಗೋಡೆಯ ಪಾಲು ಹೆಚ್ಚು, ವ್ಯತ್ಯಾಸವೂ ಹೆಚ್ಚು. ಬಚ್ಚಲುಮನೆ, ಸ್ಟೋರ್ ತುಂಬಿದ ಮಹಡಿಯಲ್ಲಿ ಅಂತರ ಎದ್ದು ಕಾಣುತ್ತದೆ. ದೊಡ್ಡ ಸಭಾಂಗಣದಲ್ಲಿ ಕಣ್ಣಿಗೇ ಬೀಳುವುದಿಲ್ಲ.

ಈಗ ಅದೇ ಕೋಣೆಯ ಮಧ್ಯೆ, 4 ಮೀಟರ್ ಉದ್ದವನ್ನು ಸೀಳುವಂತೆ, 124 ಮಿ.ಮೀ. ದಪ್ಪದ ಅಡ್ಡಗೋಡೆ ಹಾಕಿ ಎರಡು ರೂಮ್ ಮಾಡಿ. ಫಿನಿಶ್ ಮುಖಕ್ಕೆ ಅಳೆದರೆ ಎರಡರ ಮೊತ್ತ 11.63. ಹೋದ 0.37 ಚ.ಮೀ. ಅಡ್ಡಗೋಡೆ ನಿಂತ ಜಾಗ. ಅದು ಯಾವ ರೂಮಿಗೂ ಸೇರಿಲ್ಲ. ಬಾಗಿಲಿನ ಹೊಸ್ತಿಲ ಜಾಗವೂ ಹೀಗೆಯೇ, ಗೋಡೆಯ ದಪ್ಪದೊಳಗೆ ಉಳಿದುಬಿಡುತ್ತದೆ. ಒಳಗೋಡೆಯನ್ನು ಸೇರಿಸಿ ಹೊರಗೋಡೆಯನ್ನು ಬಿಡಬೇಕು ಎನ್ನುವ ಅಳತೆ ನಿಯಮ ನಿಮ್ಮ ಮುಂದಿದ್ದರೆ, ರೂಮುಗಳ ಮೊತ್ತದಿಂದ ಆ ಅಂಕಿ ಬರುವುದಿಲ್ಲ. ಮೇಲಿನ ನಾಲ್ಕು ಆಯ್ಕೆಗಳಲ್ಲಿ ಯಾವುದನ್ನು ಹಾಕಿದರೂ ಬರುವುದಿಲ್ಲ, ಏಕೆಂದರೆ ಒಂದು ಆಯ್ಕೆ ಒಳಗೋಡೆಗೂ ಹೊರಗೋಡೆಗೂ ಒಟ್ಟಿಗೆ ಅನ್ವಯಿಸುತ್ತದೆ. ಅದು ಏರಿಯಾದ ಕೆಲಸ.

ಎಚ್ಚರಿಕೆ: ಈ ಆಯ್ಕೆ ಇಡೀ ಪ್ರಾಜೆಕ್ಟಿಗೆ ಒಂದೇ. ಒಂದು ಮಹಡಿಯ ಲೆಕ್ಕ ಹೊಂದಿಸಲು ಇದನ್ನು ಬದಲಾಯಿಸಿದರೆ ಎಲ್ಲ ಮಹಡಿಗಳ ಎಲ್ಲ ರೂಮುಗಳ ಅಂಕಿಯೂ ಬದಲಾಗುತ್ತದೆ. ಈಗಾಗಲೇ ಕಳಿಸಿಬಿಟ್ಟ ಹಾಳೆಗಳ ಅಂಕಿಯೂ ಅದರಲ್ಲಿ ಸೇರಿದೆ. ತಂಡದವರಿಗೆ ಹೇಳದೆ ಇದನ್ನು ಮುಟ್ಟಬೇಡಿ.

ಹಾಗಾದರೆ ಯಾವುದನ್ನು ಆರಿಸಬೇಕು?

ಫಿನಿಶ್ ಪಟ್ಟಿ, ಬಾಗಿಲಿನ ಪಟ್ಟಿ, ಪೀಠೋಪಕರಣ ಯಾವ ಕೋಣೆಯದು, ಕೋಣೆಯ ಘನಗಾತ್ರ, ಬೇರೆ ಸಾಫ್ಟ್‌ವೇರ್‌ಗಳೂ ಓದಬಲ್ಲ ಐಎಫ್‌ಸಿ ಫೈಲಿನಲ್ಲಿ ಬೇರೆಯವರಿಗೆ ಕೊಡುವ ಸ್ಪೇಸ್‌ಗಳು: ಇವೆಲ್ಲ ರೂಮ್. ಒಟ್ಟು ನಿರ್ಮಿತ ವಿಸ್ತೀರ್ಣ, ಬಾಡಿಗೆ ಕೊಡಬಹುದಾದ ವಿಸ್ತೀರ್ಣ, ಒಂದು ಫ್ಲ್ಯಾಟಿನ ಒಟ್ಟು ಅಳತೆ, ಬೆಂಕಿ ತಡೆಯುವ ವಿಭಾಗಗಳ ಅಳತೆ: ಹಲವು ಕೋಣೆಗಳನ್ನೂ ಅವುಗಳ ನಡುವಿನ ಗೋಡೆಗಳನ್ನೂ ಒಂದೇ ಗೆರೆಯೊಳಗೆ ತರುವ ಇಂಥವೆಲ್ಲ ಏರಿಯಾ. ಒಂದೇ ಜಾಗವನ್ನು ಎರಡು ನಿಯಮಗಳಿಗೆ ಅಳೆಯಬೇಕಾದರೂ ಏರಿಯಾನೇ ಬೇಕು, ಏಕೆಂದರೆ ಏರಿಯಾ ಸ್ಕೀಮ್ ಎಂದರೆ ಒಂದು ನಿಯಮಕ್ಕೆ ಅಳೆದ ಏರಿಯಾಗಳ ಒಂದು ಗುಂಪು; ಬೇರೆ ಬೇರೆ ಸ್ಕೀಮ್‌ಗಳು ಒಂದೇ ನೆಲದ ಮೇಲೆ ಒಂದರ ಮೇಲೊಂದು ಇರಬಹುದು. ರೂಮ್ ಹಾಗಲ್ಲ, ಒಂದು ಫೇಸಿನಲ್ಲಿ (ಹಳೆಯ ಕಟ್ಟಡ, ಹೊಸ ನಿರ್ಮಾಣ ಎಂಬಂಥ ಕಾಮಗಾರಿಯ ಹಂತದಲ್ಲಿ) ಒಂದು ಜಾಗಕ್ಕೆ ಒಂದೇ ರೂಮ್.

ನನ್ನ ಅಭಿಪ್ರಾಯ ಕೇಳಿದರೆ, ಸ್ವಲ್ಪ ದೊಡ್ಡ ಕಟ್ಟಡವಾದರೂ ಎರಡನ್ನೂ ಹಾಕಿ. ರೂಮಿನ ವಿಸ್ತೀರ್ಣವನ್ನು ಫಿನಿಶ್ ಮುಖಕ್ಕೆ ಇಟ್ಟುಬಿಡಿ, ಅದನ್ನು ಮತ್ತೆ ಅಲುಗಿಸಬೇಡಿ. ಅಧಿಕೃತವಾಗಿ ಹೊರಗೆ ಹೋಗುವ ಪ್ರತಿ ಅಂಕಿಗೂ ಅದರದೇ ಹೆಸರಿನ ಏರಿಯಾ ಸ್ಕೀಮ್ ಮಾಡಿ. ರೂಮನ್ನು ಬಗ್ಗಿಸಿ ಏರಿಯಾದ ಕೆಲಸ ಮಾಡಿಸುವುದು, ಅಂದರೆ ಒಳಗೋಡೆಗಳ ರೂಮ್ ಬೌಂಡಿಂಗ್ ಟಿಕ್ (ಗೋಡೆಯನ್ನು ರೂಮಿನ ಗಡಿ ಮಾಡುವ ಗುರುತು) ತೆಗೆದು ಇಡೀ ಫ್ಲ್ಯಾಟನ್ನು ಒಂದು ರೂಮ್ ಮಾಡುವುದು, ಇವತ್ತು ಒಂದು ಗಂಟೆ ಉಳಿಸುತ್ತದೆ. ಆಮೇಲೆ ಫಿನಿಶ್ ಪಟ್ಟಿ ಕೇಳಿದ ದಿನ ಒಂದು ವಾರ ತಿನ್ನುತ್ತದೆ.

ಲಕ್ಷಣ: "ರೂಮ್ ಮುಚ್ಚಿದ ಜಾಗದಲ್ಲಿಲ್ಲ" ಎಂಬ ಎಚ್ಚರಿಕೆ

ಕಣ್ಣಿಗೆ ನಾಲ್ಕೂ ಕಡೆ ಗೋಡೆ ಕಾಣುತ್ತದೆ, ಆದರೆ ರೂಮ್ ಒಪ್ಪುವುದಿಲ್ಲ.

ಮೊದಲ ಪರೀಕ್ಷೆ ಬರೀ ಎರಡು ಕ್ಲಿಕ್. ರೂಮ್ ಆಜ್ಞೆ ಕೊಟ್ಟು, ಮೇಲಿನ ರಿಬ್ಬನ್‌ನಲ್ಲಿ 'ಹೈಲೈಟ್ ಬೌಂಡರೀಸ್' ಒತ್ತಿ. ಗಡಿಯೆಂದು ರೆವಿಟ್ ಒಪ್ಪಿರುವ ಎಲ್ಲವೂ ಬಣ್ಣದಲ್ಲಿ ಹೊಳೆಯುತ್ತವೆ. ಹೊಳೆಯದ ಗೋಡೆಯೇ ನಿಮ್ಮ ಅಪರಾಧಿ. ಅದನ್ನು ಆರಿಸಿ ಪ್ರಾಪರ್ಟೀಸ್‌ನಲ್ಲಿ 'ರೂಮ್ ಬೌಂಡಿಂಗ್' ಟಿಕ್ ಇದೆಯೇ ನೋಡಿ. ಎಷ್ಟೋ ಸಲ ಯಾರೋ ಶೌಚಾಲಯದ ಅರೆಗೋಡೆಗೆಂದು ಟಿಕ್ ತೆಗೆದಿರುತ್ತಾರೆ, ಅದನ್ನೇ ನಕಲು ಮಾಡಿ ಇನ್ನೆಲ್ಲೋ ಪೂರ್ಣ ಗೋಡೆಯಾಗಿ ಬಳಸಿರುತ್ತಾರೆ.

ಎಲ್ಲವೂ ಹೊಳೆದರೂ ರೂಮ್ ಮುಚ್ಚುತ್ತಿಲ್ಲವಾದರೆ ಮೂಲೆಗಳನ್ನು ಹತ್ತಿರದಿಂದ ನೋಡಿ. ಗೋಡೆಗಳು ಕೂಡುವ ಕಡೆ ಬಿರುಕು ಇರಬಹುದು. ರೇಲಿಂಗ್ ಗಡಿಯಾಗುವುದಿಲ್ಲ ಎಂಬುದನ್ನೂ ನೆನಪಿಡಿ. ಮೆಟ್ಟಿಲ ಬಾಯಿ, ಎರಡು ಮಹಡಿ ಎತ್ತರದ ತೆರೆದ ಜಾಗ, ಬಾಲ್ಕನಿಯ ಅಂಚು, ಇಂಥ ಕಡೆ ಗೋಡೆಯಿಲ್ಲದೆಯೇ ರೂಮಿಗೆ ಗಡಿ ಹಾಕುವ ರೂಮ್ ಸೆಪರೇಟರ್ ಗೆರೆ ಬೇಕು. ಕಂಬಗಳಲ್ಲಿ ಆರ್ಕಿಟೆಕ್ಚರಲ್ ಕಂಬ ಗಡಿಯಾಗುತ್ತದೆ. ಸ್ಟ್ರಕ್ಚರಲ್ ಕಂಬ ಗಡಿಯಾಗುವುದು ಅದರ ವಸ್ತು ಕಾಂಕ್ರೀಟ್ ಆಗಿದ್ದರೆ.

ಗೋಡೆಗಳು ಲಿಂಕ್ ಮಾಡಿದ (ಬೇರೆ ಫೈಲಿನಿಂದ ತಂದು ಜೋಡಿಸಿದ) ಮಾಡೆಲಿನಲ್ಲಿದ್ದರೆ ಆ ಲಿಂಕನ್ನು ಆರಿಸಿ 'ಎಡಿಟ್ ಟೈಪ್' ತೆರೆಯಿರಿ. ಅಲ್ಲಿ ಬೇರೆಯದೇ ಒಂದು 'ರೂಮ್ ಬೌಂಡಿಂಗ್' ಟಿಕ್ ಇದೆ. ಅದಿಲ್ಲದೆ ಲಿಂಕಿನೊಳಗಿನ ಯಾವ ಗೋಡೆಯೂ ನಿಮ್ಮ ರೂಮಿಗೆ ಗಡಿಯಾಗುವುದಿಲ್ಲ. ನಿನ್ನೆ ಸರಿಯಿದ್ದದ್ದು ಇವತ್ತು ಇಡೀ ಮಹಡಿ ಕೈಕೊಟ್ಟಿದ್ದರೆ, ಲಿಂಕ್ ಅನ್‌ಲೋಡ್ ಆಗಿದೆಯೇ ಎಂದು ಎಲ್ಲಕ್ಕಿಂತ ಮೊದಲು ನೋಡಿ. ಹಾಗಿದ್ದರೆ ಏನನ್ನೂ ತಿದ್ದದೆ ಲಿಂಕನ್ನು ರೀಲೋಡ್ ಮಾಡಿ. ಗಾಬರಿಯಲ್ಲಿ ಸೆಪರೇಟರ್ ಗೆರೆ ಎಳೆಯಲು ಹೋದರೆ ಲಿಂಕ್ ವಾಪಸ್ ಬಂದಾಗ ಎರಡೆರಡು ಗಡಿಗಳಾಗುತ್ತವೆ.

ಇಷ್ಟಕ್ಕೂ ಬಗ್ಗದಿದ್ದರೆ ಎತ್ತರವನ್ನು ನೋಡಿ. ಯಾರಿಗೂ ಬೇಗ ಹೊಳೆಯದ ಕಾರಣ ಇದು. ರೂಮಿನ ಗಡಿಯನ್ನು ರೆವಿಟ್ ಒಂದು ನಿರ್ದಿಷ್ಟ ಎತ್ತರದಲ್ಲಿ ಅಡ್ಡ ಕೊಯ್ದು ಹುಡುಕುತ್ತದೆ. ಆ ಎತ್ತರವೇ ಲೆವೆಲಿನ (ಮಹಡಿಯ ಮಟ್ಟ ತೋರಿಸುವ ಗೆರೆಯ) 'ಕಂಪ್ಯುಟೇಷನ್ ಹೈಟ್'. ಅದು 0 ಆಗಿದ್ದರೆ ಕೊಯ್ಯುವುದು ಲೆವೆಲಿನ ಮಟ್ಟದಲ್ಲೇ. ಈಗ ನಿಮ್ಮ ಲೆವೆಲ್ ಸ್ಲ್ಯಾಬಿನ ಮೇಲ್ಮೈಯಲ್ಲಿದೆ, ಒಳಗೋಡೆಗಳನ್ನು ನೆಲಹಾಸಿನ ಮೇಲೆ ನಿಲ್ಲಿಸಲು ಬೇಸ್ ಆಫ್‌ಸೆಟ್ 75 ಮಿ.ಮೀ. ಕೊಟ್ಟಿದ್ದೀರಿ ಎಂದುಕೊಳ್ಳಿ. ಪ್ಲ್ಯಾನ್‌ನಲ್ಲಿ ಗೋಡೆ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ವ್ಯೂ ಕೊಯ್ಯುವ ಎತ್ತರ ಬೇರೆ. ಆದರೆ 0 ಮಟ್ಟದಲ್ಲಿ ಅಲ್ಲಿ ಗೋಡೆಯೇ ಇಲ್ಲ. ಯಾವುದಾದರೂ ಎಲಿವೇಶನ್‌ನಲ್ಲೋ ಸೆಕ್ಷನ್‌ನಲ್ಲೋ ಲೆವೆಲ್ ಗೆರೆಯನ್ನು ಆರಿಸಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯುಟೇಷನ್ ಹೈಟ್ ಅನ್ನು ಗೋಡೆಯ ಬುಡಕ್ಕಿಂತ ಮೇಲಕ್ಕೆ ತನ್ನಿ. ಇಂಥ ಪ್ರಾಜೆಕ್ಟಿನಲ್ಲಿ ನಾನು 300 ಮಿ.ಮೀ. ಇಡುತ್ತೇನೆ. ಇಳಿಜಾರು ಗೋಡೆಗಳ ಕಟ್ಟಡವಾದರೆ ಜಾಗ್ರತೆ: ಕೊಯ್ಯುವ ಎತ್ತರ ಬದಲಾದಂತೆ ವಿಸ್ತೀರ್ಣವೂ ಬದಲಾಗುತ್ತದೆ. ನಿಯಮ ಯಾವ ಎತ್ತರದಲ್ಲಿ ಅಳೆಯಲು ಹೇಳುತ್ತದೆ ಎಂಬುದನ್ನು ಓದಿಕೊಂಡೇ ಬದಲಾಯಿಸಿ.

ನವೀಕರಣದ ಪ್ರಾಜೆಕ್ಟುಗಳಲ್ಲಿ ಕೊನೆಯ ಅನುಮಾನ ಫೇಸಿನ ಮೇಲೆ. ರೂಮ್ ಒಂದು ಫೇಸಿಗೆ ಸೇರಿದ್ದು. ಆ ಫೇಸಿನಲ್ಲಿ ಕೆಡವಿದ ಗೋಡೆ ಗಡಿಯಾಗುವುದಿಲ್ಲ. ವ್ಯೂ 'ಎಕ್ಸಿಸ್ಟಿಂಗ್' ಫೇಸಿನಲ್ಲಿದ್ದಾಗ ಹಾಕಿದ ರೂಮನ್ನು 'ನ್ಯೂ ಕನ್ಸ್ಟ್ರಕ್ಷನ್'ಗೆ ಬದಲಾಯಿಸಲು ಬರುವುದಿಲ್ಲ. ಅಲ್ಲಿ ಹೊಸದಾಗಿ ಹಾಕಬೇಕು.

ಲಕ್ಷಣ: ಗೋಡೆ ಸರಿಸಿದೆ, ಅಂಕಿ ಬದಲಾಗಲಿಲ್ಲ

ಏರಿಯಾದಲ್ಲಿ ಹೀಗಾದರೆ ಕಾರಣ ಸಾಮಾನ್ಯವಾಗಿ ಒಂದೇ. ಬೌಂಡರಿ ಗೆರೆಯನ್ನು ಕೈಯಲ್ಲಿ ಎಳೆದಿದ್ದೀರಿ. ಹಾಗೆ ಎಳೆದ ಗೆರೆಗೆ ಗೋಡೆಯ ಪರಿಚಯವಿಲ್ಲ, ಗೋಡೆ ಹೋದರೂ ಅದು ನಿಂತಲ್ಲೇ ನಿಂತಿರುತ್ತದೆ. 'ಪಿಕ್ ಲೈನ್ಸ್' ಬಳಸಿ, 'ಅಪ್ಲೈ ಏರಿಯಾ ರೂಲ್ಸ್' ಟಿಕ್ ಇಟ್ಟು ಗೋಡೆಯನ್ನೇ ಆರಿಸಿದರೆ ಗೆರೆ ಗೋಡೆಯ ಜೊತೆ ನಡೆಯುತ್ತದೆ. ಹಾಗಾಗಿ ಮೊದಲ ಪರೀಕ್ಷೆ ಹೀಗಿರಲಿ. ಒಂದು ಗೋಡೆಯನ್ನು 500 ಮಿ.ಮೀ. ಸರಿಸಿ, ಗೆರೆ ಹಿಂಬಾಲಿಸಿತೇ ನೋಡಿ, ಕಂಟ್ರೋಲ್ ಜೆಡ್ ಒತ್ತಿ ಹಿಂದಕ್ಕೆ ಬನ್ನಿ.

ರೂಮಿನಲ್ಲಿ ಹೀಗಾದರೆ ಗೋಡೆಯ ಹಳೆಯ ಜಾಗದಲ್ಲಿ ಒಂದು ರೂಮ್ ಸೆಪರೇಟರ್ ಗೆರೆ ಉಳಿದುಕೊಂಡಿದೆ. ಗೋಡೆಯ ಮೇಲೆಯೇ ಸೆಪರೇಟರ್ ಎಳೆದಾಗ ಎರಡೂ ಒಂದರ ಮೇಲೊಂದು ಬಿದ್ದಿವೆ ಎಂದು ರೆವಿಟ್ ಎಚ್ಚರಿಸಿರುತ್ತದೆ, ನಾವು ಓದದೆ ಮುಚ್ಚಿರುತ್ತೇವೆ. ಗೋಡೆ ಸರಿದಾಗ ಗೆರೆ ಬಯಲಾಗುತ್ತದೆ, ರೂಮ್ ಅದಕ್ಕೇ ನಿಲ್ಲುತ್ತದೆ, ಗೋಡೆಗೂ ಗೆರೆಗೂ ನಡುವೆ ಯಾರಿಗೂ ಸೇರದ ಒಂದು ಪಟ್ಟಿ ಉಳಿಯುತ್ತದೆ. 'ಮ್ಯಾನೇಜ್' ಟ್ಯಾಬಿನ 'ವಾರ್ನಿಂಗ್ಸ್' ತೆರೆದು ಇಂಥ ಸಾಲುಗಳನ್ನೆಲ್ಲ ಹುಡುಕಿ ಗೆರೆಗಳನ್ನು ಅಳಿಸಿ. ಗೋಡೆ ಇರುವ ಕಡೆ ಸೆಪರೇಟರ್ ಬೇಡವೇ ಬೇಡ.

ಲಕ್ಷಣ: ಗೋಡೆ ಮುಟ್ಟಲೇ ಇಲ್ಲ, ಆದರೂ ಏರಿಯಾ ಬದಲಾಯಿತು

ಇದು ಹೊಸಬರನ್ನು ನಿಜಕ್ಕೂ ಹೆದರಿಸುತ್ತದೆ. ಫೈಲ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿಲ್ಲ, ಏರಿಯಾ ರೂಲ್ಸ್ ತನ್ನ ಕೆಲಸ ಮಾಡಿದೆ.

ರೆವಿಟ್ ಎರಡು ಸ್ಕೀಮ್‌ಗಳನ್ನು ಮೊದಲೇ ಕೊಟ್ಟಿರುತ್ತದೆ, 'ಗ್ರಾಸ್ ಬಿಲ್ಡಿಂಗ್' ಮತ್ತು 'ರೆಂಟಬಲ್'. ಗ್ರಾಸ್‌ನಲ್ಲಿ ನಿಯಮ ಸರಳ, ಗಡಿ ಹೊರಗೋಡೆಯ ಹೊರಮುಖಕ್ಕೆ ಹೋಗುತ್ತದೆ. ರೆಂಟಬಲ್‌ನಲ್ಲಿ ಪ್ರತಿ ಏರಿಯಾಗೂ ಒಂದು 'ಏರಿಯಾ ಟೈಪ್' ಇದೆ: ಆಫೀಸು, ಅಂಗಡಿ, ಸಾಮಾನ್ಯ ಬಳಕೆ, ಮೇಲಿಂದ ಕೆಳಕ್ಕೆ ತೂರುವ ಲಿಫ್ಟು ಮತ್ತು ಮೆಟ್ಟಿಲು, ಹೀಗೆ. ಗೋಡೆಯ ಎರಡು ಕಡೆ ಯಾವ ಟೈಪ್‌ಗಳಿವೆ ಎಂಬುದರ ಮೇಲೆ ಗೆರೆ ಆ ಗೋಡೆಯ ನಡುವಿಗೋ ಒಂದು ಮುಖಕ್ಕೋ ಜರುಗುತ್ತದೆ. ಎರಡು ಆಫೀಸುಗಳ ನಡುವೆ ಗೆರೆ ಗೋಡೆಯ ನಡುವೆ. ಪಕ್ಕದ ಏರಿಯಾದ ಟೈಪನ್ನು ಯಾರೋ ಬದಲಾಯಿಸಿದರೆ ನಿಮ್ಮ ಏರಿಯಾದ ಅಂಕಿಯೂ ಕದಲುತ್ತದೆ.

ಅದಕ್ಕಿಂತ ವಿಚಿತ್ರ ಕಿಟಕಿಯದು. ಆಫೀಸು ಏರಿಯಾದ ಹೊರಗೋಡೆಯಲ್ಲಿ ಕಿಟಕಿಯ ಎತ್ತರ ಗೋಡೆಯ ಎತ್ತರದ ಶೇ. 50ಕ್ಕಿಂತ ಹೆಚ್ಚಾದರೆ ಗಡಿ ಗಾಜಿನ ಮುಖಕ್ಕೆ ಹೋಗುತ್ತದೆ. ಕಡಿಮೆ ಇದ್ದರೆ ಗೋಡೆಯ ಒಳಮುಖದಲ್ಲೇ ನಿಲ್ಲುತ್ತದೆ. 3 ಮೀಟರ್ ಗೋಡೆಯಲ್ಲಿ 1.4 ಮೀಟರ್ ಎತ್ತರದ ಕಿಟಕಿಯನ್ನು 1.6 ಮೀಟರಿಗೆ ಬದಲಾಯಿಸಿ ನೋಡಿ, ಗೆರೆ ಕಣ್ಣೆದುರೇ ಜಿಗಿಯುತ್ತದೆ. ಕಿಟಕಿ ದೊಡ್ಡದು ಮಾಡಿದವರಿಗೆ ತಾವು ಬಾಡಿಗೆ ವಿಸ್ತೀರ್ಣ ಹೆಚ್ಚಿಸಿದ್ದು ಗೊತ್ತೇ ಇರುವುದಿಲ್ಲ.

ನೀವು ಅನುಸರಿಸುವ ಅಳತೆ ನಿಯಮ ಇದಲ್ಲದಿದ್ದರೆ 'ಅಪ್ಲೈ ಏರಿಯಾ ರೂಲ್ಸ್' ಟಿಕ್ ತೆಗೆದು ಗೆರೆಗಳನ್ನು ನೀವೇ ಹಾಕುವುದು ಒಳ್ಳೆಯದು. ಆಗ ಗೋಡೆ ಸರಿದಾಗಲೆಲ್ಲ ಗೆರೆಯನ್ನು ಪರಿಶೀಲಿಸುವ ಹೊಣೆ ನಿಮ್ಮದು. ನೀವೇ ಹೊಸ ಸ್ಕೀಮ್ ಮಾಡಿದರೂ ಅದು ನಡೆಯುವುದು ರೆಂಟಬಲ್ ನಿಯಮದ ಮೇಲೆಯೇ. ಹೆಸರು ನಿಮ್ಮದು ಎಂದಮಾತ್ರಕ್ಕೆ ನಿಯಮವೂ ನಿಮ್ಮದಾಗುವುದಿಲ್ಲ.

ಗ್ರಾಸ್ ಅಂಕಿ ನಿರೀಕ್ಷೆಗಿಂತ ಹೆಚ್ಚು ಬಂದರೆ ತೆರೆದ ಬಾವಿಗಳನ್ನು ನೋಡಿ. ಹೊರಗೋಡೆಯ ಸುತ್ತ ಮಾತ್ರ ಗೆರೆಯಿದ್ದರೆ, ನೆಲವೇ ಇಲ್ಲದ ಎರಡು ಮಹಡಿ ಎತ್ತರದ ಜಾಗವೂ ಮೇಲಿನ ಮಹಡಿಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಅದರ ಅಂಚಿಗೆ ಇನ್ನೊಂದು ಮುಚ್ಚಿದ ಗೆರೆ ಹಾಕಿ, ಒಳಗೆ ಏರಿಯಾ ಇಡದೆ ಬಿಡಿ.

ಲಕ್ಷಣ: ಅಳಿಸಿದರೂ ಶೆಡ್ಯೂಲಿನಲ್ಲಿ ಇದೆ, ಅಥವಾ ಇದ್ದರೂ ಕಾಣುತ್ತಿಲ್ಲ

ಪ್ಲ್ಯಾನ್‌ನಲ್ಲಿ ರೂಮನ್ನೋ ಏರಿಯಾವನ್ನೋ ಅಳಿಸಿದರೆ ಅದು ನೆಲದಿಂದ ಎದ್ದಿತು, ಪ್ರಾಜೆಕ್ಟಿನಿಂದ ಹೋಗಲಿಲ್ಲ. ಶೆಡ್ಯೂಲಿನಲ್ಲಿ 'ನಾಟ್ ಪ್ಲೇಸ್ಡ್' ಎಂದು ಕಾಯುತ್ತಿರುತ್ತದೆ. ಅದರಲ್ಲಿ ಮಾಹಿತಿ ತುಂಬಿದ್ದರೆ ಹೊಸದನ್ನು ಹಾಕಬೇಡಿ. ರೂಮ್ ಆಜ್ಞೆ ಕೊಟ್ಟಾಗ ಆಪ್ಷನ್ಸ್ ಬಾರಿನಲ್ಲಿ 'ನ್ಯೂ' ಎಂದಿರುವ ಕಡೆ ಪಟ್ಟಿ ತೆರೆದು ಹಳೆಯದನ್ನೇ ಆರಿಸಿ ಇಡಿ, ಹೆಸರು ಸಂಖ್ಯೆಗಳೆಲ್ಲ ಜೊತೆಗೇ ಬರುತ್ತವೆ.

'ರಿಡಂಡೆಂಟ್ ರೂಮ್' ಎಂದರೆ ಒಂದೇ ಜಾಗದಲ್ಲಿ ಎರಡು ರೂಮುಗಳು ಕೂತಿವೆ. ನಡುವಿನ ಗೋಡೆ ತೆಗೆದಾಗ ಹೀಗಾಗುವುದು ಸಹಜ. ಗೋಡೆ ನಿಜವಾಗಿ ಹೋಗಿದ್ದರೆ ಒಂದು ರೂಮನ್ನು ತೆಗೆಯಿರಿ, ಬಳಕೆಯಲ್ಲಿ ಎರಡಾಗಿಯೇ ಉಳಿಯಬೇಕಾದರೆ ಸೆಪರೇಟರ್ ಹಾಕಿ.

ಸಂಪೂರ್ಣ ಕಾಣೆಯಾಗಿದ್ದರೆ ವ್ಯೂವಿನ ಫೇಸ್ ಮತ್ತು ಶೆಡ್ಯೂಲಿನ ಫೇಸ್ ಎರಡನ್ನೂ ನೋಡಿ. ಆಮೇಲೆ 'ವಿಸಿಬಿಲಿಟಿ ಗ್ರಾಫಿಕ್ಸ್'ನಲ್ಲಿ ರೂಮ್ಸ್ ಕೆಳಗಿನ 'ಇಂಟೀರಿಯರ್ ಫಿಲ್' ಮತ್ತು 'ರೆಫರೆನ್ಸ್' ಟಿಕ್ ಹಾಕಿ. ಸೆಕ್ಷನ್‌ನಲ್ಲಿ ಏರಿಯಾ ಹುಡುಕುತ್ತಿದ್ದರೆ ಅಲ್ಲಿ ಅದು ಸಿಗುವುದಿಲ್ಲ, ಸೆಕ್ಷನ್‌ನಲ್ಲಿ ಕಾಣುವುದು ರೂಮ್ ಮಾತ್ರ.

ಲಕ್ಷಣ: ಘನಗಾತ್ರದ ಜಾಗದಲ್ಲಿ 'ನಾಟ್ ಕಂಪ್ಯೂಟೆಡ್'

ಮೊದಲು ಹೇಳಿದ ಕಂಪ್ಯುಟೇಷನ್ಸ್ ಪೆಟ್ಟಿಗೆಯಲ್ಲಿ 'ಏರಿಯಾಸ್ ಆಂಡ್ ವಾಲ್ಯೂಮ್ಸ್' ಆರಿಸಿ. ಫಾಲ್ಸ್ ಸೀಲಿಂಗಿಗೆ ನಿಲ್ಲಬೇಕಾದ ರೂಮ್ ಅದಕ್ಕೂ ಕೆಳಗೇ ನಿಂತರೆ ರೂಮಿನ 'ಅಪ್ಪರ್ ಲಿಮಿಟ್' ಮತ್ತು 'ಲಿಮಿಟ್ ಆಫ್‌ಸೆಟ್' ಅನ್ನು ಸೀಲಿಂಗಿಗಿಂತ ಮೇಲಕ್ಕೆ ಏರಿಸಿ. ದೊಡ್ಡ ಮಾಡೆಲ್ ಇದರಿಂದ ನಿಧಾನವಾಗುತ್ತದೆ, ಅಂಕಿ ತೆಗೆದುಕೊಂಡ ಮೇಲೆ ಹಳೆಯ ಆಯ್ಕೆಗೆ ಮರಳಬಹುದು. ಏರಿಯಾಗೆ ಘನಗಾತ್ರ ಇಲ್ಲವೇ ಇಲ್ಲ.

ಲಕ್ಷಣ: ಏರಿಯಾ ಶೆಡ್ಯೂಲಿನಲ್ಲಿ ಬೇಕಾದ ಕಾಲಂ ಸಿಗುತ್ತಿಲ್ಲ

ನೆಲದ ಫಿನಿಶ್, ಗೋಡೆಯ ಫಿನಿಶ್, ವಿಭಾಗದ ಹೆಸರು, ಈ ಬಾಗಿಲು ಯಾವ ಕೋಣೆಯಿಂದ ಯಾವ ಕೋಣೆಗೆ: ಇವನ್ನು ಏರಿಯಾದಲ್ಲಿ ಹುಡುಕಿ ದಣಿಯಬೇಡಿ. ಬಾಗಿಲು ತನ್ನ ಎರಡು ಕಡೆಯ ರೂಮುಗಳನ್ನು ಗುರುತಿಸುತ್ತದೆ, ಏರಿಯಾವನ್ನಲ್ಲ. ಹಾಗೆಯೇ ರೂಮಿಗೆ ಕೊಟ್ಟ ಹೆಸರು, ಸಂಖ್ಯೆ ಅದೇ ಜಾಗದ ಏರಿಯಾಗೆ ತಾನಾಗಿ ಹೋಗುವುದಿಲ್ಲ. ಎರಡು ಕಡೆ ಕೈಯಲ್ಲಿ ಬರೆದರೆ ಒಂದು ದಿನ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುತ್ತೀರಿ. ರೆವಿಟ್‌ಗೆ ಸ್ಕ್ರಿಪ್ಟ್ ಬರೆಯುವ ಸಾಧನವಾದ ಡೈನಮೋ ಬಲ್ಲವರು ತಂಡದಲ್ಲಿದ್ದರೆ ರೂಮಿನಿಂದ ಏರಿಯಾಗೆ ಹೆಸರು ನಕಲಿಸುವ ಸಣ್ಣ ಸ್ಕ್ರಿಪ್ಟ್ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಏರಿಯಾಗಳಿಗೆ ಕೋಣೆಯ ಹೆಸರು ಕೊಡುವುದನ್ನೇ ಬಿಟ್ಟು ಫ್ಲ್ಯಾಟಿನ ಸಂಖ್ಯೆಯೋ ನಿಯಮದ ಹೆಸರೋ ಕೊಡಿ.

ಎಲ್ಲಿ ನಿಲ್ಲಿಸಿ, ಯಾರನ್ನು ಕೇಳಬೇಕು

ಕಂಪ್ಯುಟೇಷನ್ಸ್ ಪೆಟ್ಟಿಗೆ, ಲೆವೆಲಿನ ಕಂಪ್ಯುಟೇಷನ್ ಹೈಟ್, ಲಿಂಕಿನ ರೂಮ್ ಬೌಂಡಿಂಗ್, ಈ ಮೂರರಲ್ಲಿ ಯಾವುದನ್ನು ಮುಟ್ಟಬೇಕೆಂದರೂ ಮಾಡೆಲ್ ನೋಡಿಕೊಳ್ಳುವವರನ್ನು ಮೊದಲು ಕೇಳಿ. ಏರಿಯಾ ಸ್ಕೀಮ್ ಅಳಿಸುವ ಯೋಚನೆ ಇದ್ದರಂತೂ ಕೇಳಲೇಬೇಕು. ಸ್ಕೀಮ್ ಹೋದರೆ ಅದರ ಏರಿಯಾ ಪ್ಲ್ಯಾನ್‌ಗಳೂ ಹೋಗುತ್ತವೆ.

ಮೇಲಿನ ಎಲ್ಲ ಪರೀಕ್ಷೆಗಳೂ ಮುಗಿದು, ಅದೇ ಕೋಣೆಯನ್ನು ಖಾಲಿ ಫೈಲಿನಲ್ಲಿ ಕಟ್ಟಿದಾಗ ಸರಿ ಬಂದು, ಮೂಲ ಫೈಲಿನಲ್ಲಿ ಮಾತ್ರ ತಪ್ಪುತ್ತಿದ್ದರೆ, ಫೈಲಿನ ಆರೋಗ್ಯವನ್ನೇ ಅನುಮಾನಿಸಬೇಕು. ಎಲ್ಲರೂ ಸಿಂಕ್ ಮಾಡಿ ಹೊರಬಂದ ಮೇಲೆ, ತೆರೆಯುವಾಗ ಫೈಲಿನ ದೋಷ ಹುಡುಕಿ ಸರಿಪಡಿಸುವ 'ಆಡಿಟ್' ಟಿಕ್ ಹಾಕಿ ತೆರೆಯಿರಿ. ಅದಕ್ಕೂ ಸರಿಹೋಗದಿದ್ದರೆ ಗೆರೆಗಳನ್ನು ಮತ್ತೆ ಮತ್ತೆ ಎಳೆಯುವುದನ್ನು ನಿಲ್ಲಿಸಿ ಬಲ್ಲವರ ಕೈಗೆ ಕೊಡಿ.

ಮಾರಾಟದ ಕರಾರು, ಬಾಡಿಗೆ, ಪರವಾನಗಿ ಇಂಥ ಕಡೆ ಹೋಗುವ ಅಂಕಿಯಾದರೆ ಅಳತೆ ನಿಯಮದ ಅರ್ಥವನ್ನು ಸಾಫ್ಟ್‌ವೇರ್ ತೀರ್ಮಾನಿಸುವುದಿಲ್ಲ. ಹೊಣೆ ಹೊತ್ತ ವಾಸ್ತುಶಿಲ್ಪಿ ಬರವಣಿಗೆಯಲ್ಲಿ ಒಪ್ಪಿದ ವಿಧಾನವನ್ನೇ ಬಳಸಿ. ಇನ್ನೂ ಹೆಚ್ಚಿನ ಎಚ್ಚರ ಬೇಕಾದದ್ದು ಜನಸಂಖ್ಯೆಯ ಲೆಕ್ಕದಲ್ಲಿ. ಕೋಣೆಯ ವಿಸ್ತೀರ್ಣದಿಂದ ಎಷ್ಟು ಜನ ಇರಬಹುದು ಎಂದು ಲೆಕ್ಕ ಹಾಕಿ, ಅದರಿಂದ ಹೊರಹೋಗುವ ಬಾಗಿಲಿನ ಅಗಲ, ಮೆಟ್ಟಿಲಿನ ಅಗಲ ತೀರ್ಮಾನವಾಗುತ್ತದೆ. ಈ ಲೆಕ್ಕ ರೂಮಿನ ಅಂಕಿಯ ಮೇಲೆ ನಿಂತಿರುವಾಗ ಯಾರಾದರೂ ಅಳತೆಯ ಆಯ್ಕೆ ಬದಲಾಯಿಸಿದ್ದರೆ, ಅಗ್ನಿ ಸುರಕ್ಷತೆಯ ಲೆಕ್ಕ ನೋಡುವವರಿಗೆ ಅದೇ ದಿನ ತಿಳಿಸಿ. ಹಳೆಯ ಅಂಕಿ, ಹೊಸ ಅಂಕಿ, ಬದಲಾಯಿಸಿದ ಆಯ್ಕೆಯ ಹೆಸರು, ಮೂರನ್ನೂ ಒಂದೇ ಸಂದೇಶದಲ್ಲಿ ಕಳಿಸಿ.